ಹದಿಮೂರು ಟನ್ನಿನ ದಾರಿ

ಮುಕಾದಮರ ಎರಡೂ ಪಾದಗಳ ಸುತ್ತ, ಹಿಮ್ಮಡಿಯಿಂದ ಕಿರುಬೆರಳಿನವರೆಗೆ, ಒಂದು ಕಪ್ಪು ಗೆರೆ ಇತ್ತು. ಮೊದಲ ಸಲ ನೋಡಿದವರು ಕೊಳೆ ಅಂದುಕೊಳ್ಳುತ್ತಿದ್ದರು. ಕೊಳೆಯಲ್ಲ, ಡಾಂಬರು. ಮೂವತ್ತಕ್ಕೂ ಹೆಚ್ಚು ವರ್ಷ ಬಿಸಿ ಡಾಂಬರಿನ ಅಂಚಿಗೆ ನಿಂತು ಕೆಲಸ ಮಾಡಿಸಿದ ಕಾಲುಗಳು ಅವು. ಸೀಮೆಎಣ್ಣೆ, ಕೊಬ್ಬರಿ ಎಣ್ಣೆ, ಅವರ ಹೆಂಡತಿ ಹಿಡಿದು ಉಜ್ಜಿದ ಇಟ್ಟಿಗೆ ಚೂರು, ಯಾವುದಕ್ಕೂ ಆ ಗೆರೆ ಜಗ್ಗಿರಲಿಲ್ಲ. ನಮ್ಮ ಮನೆಯ ಬಿಳಿ ಫರಸಿಯ ಮೇಲೆ ಕಾಲಿಡುವ ಮೊದಲು ಬಾಗಿಲಲ್ಲೇ ನಿಂತು ನನ್ನ ಹೆಂಡತಿಗೆ ಹೇಳಿದ್ದರು: "ಗೆರಿ ಮೂಡೂದಿಲ್ಲ ತಂಗೆವ್ವಾ, ಅಂಜಬ್ಯಾಡ."

ಬೆಟಗೇರಿಯವರು. ಸರಕಾರಿ ರಸ್ತೆ ಗ್ಯಾಂಗಿನಲ್ಲಿ ಮುಕಾದಮರಾಗಿ, ಎಂದರೆ ಹತ್ತು ಹನ್ನೆರಡು ಆಳುಗಳ ಮುಂದಾಳಾಗಿ, ದುಡಿದು ನಿವೃತ್ತರಾದವರು. ಊರೆಲ್ಲ ಅವರನ್ನು ಮುಕಾದಮರು ಎಂದೇ ಕರೆಯುತ್ತಿತ್ತು. ಡಾಂಬರಿನ ಕೆಲಸದವರು ಮಾತ್ರ ಚಾಚಾ ಅನ್ನುತ್ತಿದ್ದರು. ಅವರು ತೀರಿಕೊಂಡು ಈ ಬೇಸಿಗೆಗೆ ಒಂದು ವರ್ಷವಾಯಿತು. ಮಣ್ಣು ಮಾಡುವಾಗ ನಾನೂ ಒಂದು ಹಿಡಿ ಮಣ್ಣು ಹಾಕಿ ಬಂದೆ.

ಅವರ ಬಾಯಲ್ಲಿ 'ಸುಮಾರು' ಎಂಬ ಮಾತನ್ನು ನಾನು ಕೇಳಲೇ ಇಲ್ಲ. ಗೊತ್ತಿದ್ದರೆ ಇಷ್ಟು ಎಂದು ಹೇಳುವರು, ಇಲ್ಲದಿದ್ದರೆ "ಅಳದಿಲ್ಲ" ಅನ್ನುವರು. ಗದಗಿನಿಂದ ಶಿರಹಟ್ಟಿ ಎಷ್ಟು ದೂರ ಎಂದರೆ ಹೇಳುವರು, ಏಕೆಂದರೆ ಆ ರಸ್ತೆಯ ಕಲ್ಲುಗಳಿಗೆ ಸುಣ್ಣ ಬಳಿಸಿದವರೇ ಅವರು. ನಿಮಗೆಷ್ಟು ವಯಸ್ಸು ಎಂದು ನನ್ನ ಹೆಂಡತಿ ಕೇಳಿದಾಗ ಮಾತ್ರ, "ಅಳದಿಲ್ಲ ತಂಗೆವ್ವಾ" ಎಂದು ಬಸಿಯಲ್ಲಿದ್ದ ಚಹಾ ಊದಿ ಕುಡಿದಿದ್ದರು.

ನಾನು ಇದಕ್ಕೆ ತೀರ ಉಲ್ಟಾ. ಸೈಕಲ್ಲಿನ ಹಿಂದೆ ಪ್ಲಾಸ್ಟಿಕ್ ಕೊಡ, ಬಕೆಟ್ ಕಟ್ಟಿಕೊಂಡು ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಸಂತೆಗಳನ್ನು ತಿರುಗಿ ಮೇಲೆ ಬಂದವನು. ಈಗ ಗದಗಿನಲ್ಲಿ ಅಂಗಡಿ ಇದೆ, ಮುಂಡರಗಿ ರಸ್ತೆಯ ಮೇಲೆ ಊರಾಚೆ ಮನೆ ಇದೆ. ಸಂತೆ ನನಗೆ ಕಲಿಸಿದ್ದು ಒಂದೇ: ಯಾರೇ ಒಂದು ಅಂಕಿ ಹೇಳಲಿ, ಅದರಲ್ಲಿ ಕಾಲುಭಾಗ ಗಾಳಿ ಇರುತ್ತದೆ, ಅದನ್ನು ಬಿಟ್ಟೇ ಮಾತು ಶುರು ಮಾಡಬೇಕು. ಈ ಗುಣದಿಂದ ನಾನು ಬದುಕಿದ್ದೇನೆ. ಬೇರೆಯವರಿಗೂ ಹೇಳಿಕೊಟ್ಟಿದ್ದೇನೆ. ಆದರೆ ಮುಕಾದಮರ ಮುಂದೆ ಇದನ್ನು ಬಳಸಿ ಎಂಥ ಗಂಡಾಂತರ ತಂದುಕೊಂಡಿದ್ದೆ ಎಂಬುದನ್ನು ಹೇಳದಿದ್ದರೆ ನನ್ನ ಬುದ್ಧಿವಾದಕ್ಕೆ ಬೆಲೆ ಇರುವುದಿಲ್ಲ.

ಜಾಗ ಅಗ್ಗಕ್ಕೆ ಸಿಕ್ಕಿತೆಂದು ನಾನು ಮನೆಯನ್ನು ರಸ್ತೆಯಿಂದ ನೂರಿಪ್ಪತ್ತು ಫೂಟು ಒಳಗೆ ಕಟ್ಟಿಸಿದ್ದೆ. ನೆಲ ಅಪ್ಪಟ ಎರೆ, ಜಿಗುಟು ಕಪ್ಪು ಮಣ್ಣು. ಬೇಸಿಗೆಯಲ್ಲಿ ಅಂಗೈ ಇಳಿಯುವಷ್ಟು ಬಿರುಕು, ಮಳೆಗಾಲದಲ್ಲಿ ಮೊಣಕಾಲಿನವರೆಗೆ ರಾಡಿ. ಒಂದು ಮಳೆಗಾಲದಲ್ಲಿ ಲಕ್ಷ್ಮೇಶ್ವರದಿಂದ ಮಗಳ ಅತ್ತೆ, ನಮ್ಮ ಬೀಗತಿ, ಬಂದರು. ಅವರ ಕಾರು ದಾರಿಯ ನಡುವೆ ಹೂತಿತು. ಇಳಿದು ನಡೆದರೆ ಕಾಲು ಬಂತು, ಚಪ್ಪಲಿ ಬರಲಿಲ್ಲ. ಆ ಚಪ್ಪಲಿ ಇವತ್ತಿಗೂ ಸಿಕ್ಕಿಲ್ಲ.

ಮರುವರ್ಷ ಮಗಳು ಬಸುರಿಯಾದಳು. ಮೊದಲ ಬಾಣಂತನ ತವರಲ್ಲೇ ಆಗಬೇಕು, ಅದು ನಮ್ಮ ಕಡೆಯ ಪದ್ಧತಿ. ಮಗಳಿಗೂ ಅದೇ ಆಸೆ. ಏಳನೆಯ ತಿಂಗಳಲ್ಲಿ ಕುಬಸಕ್ಕೆ, ಎಂದರೆ ಸೀಮಂತಕ್ಕೆ, ಹೋದಾಗ ಬೀಗತಿ ಎಲ್ಲರೆದುರಿಗೇ ಕೇಳಿದರು.

"ನಿಮ್ಮ ಮನಿ ಛಲೋ ಐತ್ರಿ ಬೀಗರ. ಮನಿಗೆ ಹೋಗಾಕ ದಾರಿನ ಇಲ್ಲ. ಆರಿದ್ರಿ ಮಳಿಯಾಗ ದಿನಾ ತುಂಬತಾವ. ಬ್ಯಾನಿ ಬಂದ್ರ ಹುಡುಗೀನ ಹೊರಸಿನ ಮ್ಯಾಲ ಹೊತಗೊಂಡು ಹೋಗತೀರೇನು?"

ಆರಿದ್ರಿ ಎಂದರೆ ಜೂನ್ ಕೊನೆಗೆ ಹಿಡಿಯುವ ಆರ್ದ್ರಾ ಮಳೆ. ಡಾಕ್ಟರಮ್ಮ ಬೇರೆ ಮಗಳಿಗೆ ರಕ್ತದೊತ್ತಡ ಹೆಚ್ಚಿದೆ, ನೋವು ಶುರುವಾದ ಮೇಲೆ ಒಂದು ಗಳಿಗೆಯೂ ತಡ ಮಾಡಬೇಡಿ ಎಂದಿದ್ದರು. ಮಳೆ ಹಿಡಿಯುವುದರೊಳಗೆ ಡಾಂಬರು ದಾರಿ ಮಾಡಿಸುತ್ತೇನೆ, ದಾರಿ ಆದರೆ ಮಾತ್ರ ಮಗಳನ್ನು ಕಳಿಸಿ ಎಂದು ಹೇಳಿ ಬಂದೆ. ದಾರಿ ಮಾಡಿಸುವುದೆಂದರೆ ಏನು ಎಂಬುದು ಗೊತ್ತಿರಲಿಲ್ಲ. ಅಂಗಡಿಗೆ ಬರುವ ಗಿರಾಕಿಯೊಬ್ಬ ಮುಕಾದಮರ ಹೆಸರು ಹೇಳಿದ.

ಅವರು ಬರುವ ಮೊದಲೇ ನಾನು ಟೇಪು ಹಿಡಿದು ಅಳೆದು ಮೊಬೈಲಿನಲ್ಲಿ ಲೆಕ್ಕ ಹಾಕಿ ಇಟ್ಟುಕೊಂಡಿದ್ದೆ. ಉದ್ದ ನೂರಿಪ್ಪತ್ತು ಫೂಟು, ಅಗಲ ಹತ್ತು, ದಪ್ಪ ಎರಡಿಂಚು. ಹದಿಮೂರು ಟನ್ ಚಿಲ್ಲರೆ. ಮುಕಾದಮರು ಬಂದವರೇ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಆ ತುದಿಯಿಂದ ಈ ತುದಿಗೆ ಎರಡು ಸಲ ನಡೆದರು. ಅಲ್ಲಲ್ಲಿ ನಿಂತು ಹಿಮ್ಮಡಿ ಒತ್ತಿದರು. ಕೊನೆಗೆ ಒಂದು ಬಿರುಕಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಅದರೊಳಗೆ ಮೊಣಕೈವರೆಗೆ ಕೈ ಇಳಿಸಿ, ನನ್ನ ಕಡೆ ನೋಡಿದರು.

"ಸಾವ್ಕಾರ್ರ, ನೀವು ಮ್ಯಾಲಿಂದ ಅಳದೀರಿ. ನೆಲಾ ಬಾಯಿ ತಕ್ಕೊಂಡು ಕುಂತೈತಿ. ನಿಮ್ಮ ಡಾಂಬರ ಪೂರಾ ಅದರ ಹೊಟ್ಟಿಗೆ ಹೋಗತೈತಿ."

"ಹಂಗಾರ ಏನ್ ಮಾಡೂದ್ರಿ?"

"ಡಾಂಬರ ಲೆಕ್ಕಾ ತೆಳಗಿಂದ ಸುರು ಆಗತೈತಿ. ಒಂದ ಫೂಟ ಎರಿ ತಗಸ್ರಿ. ಗರಸು ತುಂಬ್ರಿ, ನೀರು ಬಿಡ್ರಿ, ರೋಲರ್ ಹೊಡಸ್ರಿ. ಮ್ಯಾಲ ಖಡಿ ಹಾಕಿ ಮತ್ತ ಹೊಡಸ್ರಿ. ಗುಂಡಿ ಇಲ್ಲದಂಗ ಆದ ಮ್ಯಾಲ ನನ್ನ ಕರೀರಿ, ಟನ್ ಹೇಳತೀನಿ."

"ಈಗ ಹೇಳಿದ್ರ ಏನಾಗತೈತ್ರಿ?"

"ಅಳದಿಲ್ಲರಿ."

ಗರಸು ತುಂಬಿಸಿದೆ. ಗರಸು ಎಂದರೆ ಕೆಂಪು ಜಲ್ಲಿಮಣ್ಣು, ನೀರು ಕುಡಿದರೂ ಉಬ್ಬುವುದಿಲ್ಲ. ನೀವು ಎರೆ ನೆಲದಲ್ಲಿ ಮನೆ ಕಟ್ಟಿಸುವವರಿದ್ದರೆ ಈ ಮಾತು ನೆನಪಿಡಿ: ಡಾಂಬರಿನವನ ಜೊತೆ ಮಾತಾಡುವ ಮೊದಲು ಗರಸಿನವನ ಜೊತೆ ಮಾತಾಡಿ. ನಾನು ಮೊದಲನೆಯ ದಿನವೇ ರೋಲರ್ ಹೊಡೆಸಿ ಮುಗಿಸಬೇಕೆಂದಿದ್ದೆ. ಮುಕಾದಮರು ನಾಲ್ಕು ದಿನ ನೀರು ಬಿಡಿಸಿದರು. ದಿನಾ ಬೆಳಿಗ್ಗೆ ಬೆಟಗೇರಿಯಿಂದ ಸೈಕಲ್ಲಿನ ಮೇಲೆ ಬಂದು, ಬರಿಗಾಲಲ್ಲಿ ನಡೆದು, "ಇನ್ನೂ ಮೆತ್ತಗೈತಿ" ಎಂದು ಹೋಗಿಬಿಡುವರು. ಕೂಲಿ ಎಷ್ಟು ಕೊಡಲಿ ಎಂದು ಕೇಳಿದರೆ, "ಚಾ ಕುಡಸಾಕತ್ತೀರಲ್ಲ" ಅಂದರು.

ಇದೇ ನನ್ನನ್ನು ಬಾಧಿಸಿತು. ಬೆಲೆ ಹೇಳುವವನನ್ನು ನಾನು ಓದಬಲ್ಲೆ. ಬೆಲೆಯನ್ನೇ ಹೇಳದ ಮನುಷ್ಯ ಎಲ್ಲಿಂದ ತೆಗೆದುಕೊಳ್ಳುತ್ತಾನೆ? ಜಲ್ಲಿಗೆ ಬಿಸಿ ಡಾಂಬರು ಬೆರೆಸಿ ಮಾರುವ ಪ್ಲಾಂಟಿನವರ ಜೊತೆ ಏನಾದರೂ ಒಳಗೊಳಗೆ ಇರಬಹುದೇ? ಸಂತೆಯಲ್ಲಿ ಬೆಳೆದ ಮನಸ್ಸು ಹೀಗೇ ಓಡುತ್ತದೆ. ಇವತ್ತು ಬರೆಯುವಾಗ ನಾಚಿಕೆಯಾಗುತ್ತದೆ.

ಗರಸಿನ ಮೇಲೆ ಹಾಸಿದ ಖಡಿ, ಎಂದರೆ ಜಲ್ಲಿಕಲ್ಲು, ಗಟ್ಟಿಯಾದ ದಿನ ಅವರು ಅಳತೆಗೆ ಕೂತರು. ಜೇಬಿನಿಂದ ಖಾಲಿ ಕಡ್ಡಿಪೆಟ್ಟಿಗೆ ತೆಗೆದರು. ಬೀಡಿ ಸೇದದ ಮನುಷ್ಯನ ಜೇಬಿನಲ್ಲಿ ಅದೇಕೆ ಇರುತ್ತದೆ ಎಂಬುದು ಆಗ ತಿಳಿಯಿತು. ನೆಟ್ಟಗೆ ನಿಲ್ಲಿಸಿದರೆ ಅದು ಎರಡಿಂಚು. "ಬಿಸಿ ಮಾಲ್ ಹರವಿದಾಗ ಇದು ಮುಳುಗಿ ಮ್ಯಾಲ ಅರ್ಧಾ ಇಂಚ ಬರಬೇಕು. ರೋಲರ್ ಹೋದ ಮ್ಯಾಲ ತಲಿ ಸಮ ಆಗಬೇಕು." ಆಮೇಲೆ ಅಲ್ಲೇ ಬಿದ್ದಿದ್ದ ಒಣ ಕಡ್ಡಿಯಿಂದ ಧೂಳಿನ ಮೇಲೆ ಲೆಕ್ಕ ಬರೆದು ತೋರಿಸಿದರು. ಎರಡಿಂಚು ದಪ್ಪಕ್ಕೆ ಒಂದು ಟನ್ನು ತೊಂಬತ್ತು ಚದರ ಫೂಟು ಮುಚ್ಚುತ್ತದೆ. ನನ್ನ ದಾರಿ ಸಾವಿರದ ಇನ್ನೂರು. ಆದರೆ ಮುಖ್ಯ ರಸ್ತೆಯಿಂದ ಗಾಡಿ ತಿರುಗಿ ಒಳಗೆ ಬರಬೇಕಾದರೆ ದಾರಿಯ ಬಾಯಿ ಅಗಲವಾಗಬೇಕು, ಅಲ್ಲಿ ಎಂಬತ್ತನಾಲ್ಕು ಹೆಚ್ಚು. ಮನೆಯ ಮುಂದೆ ಗಾಡಿ ಹೊರಳಿಸಲು ಇನ್ನೂರು. ಒಟ್ಟು ಹದಿನಾರೂವರೆ ಟನ್ನಿಗೆ ಬಂತು.

"ಮತ್ತ ಒಂದ ಟನ್ ಸಲಿಕಿಗೆ, ಬುಟ್ಟಿಗೆ, ಅಂಚಿಗೆ ಹೋಗತೈತಿ. ಹದಿನೇಳೂವರಿ ಹೇಳ್ರಿ."

"ಹದಿನೈದಕ್ಕ ಮುಗಸ್ರಲ್ಲ ಮುಕಾದಮರ."

ಅವರು ನಕ್ಕರು. "ರೊಟ್ಟಿ ಹಿಟ್ಟಿನ ಮುಂದ ಚೌಕಾಸಿ ಮಾಡಿದ್ರ ಹಿಟ್ಟು ಹೆಚ್ಚ ಆಗತೈತೇನ್ರಿ?"

ನಾನೂ ನಕ್ಕು, ಆತ್ರಿ ಎಂದೆ. ಮರುದಿನ ಶಿರಹಟ್ಟಿ ಕಡೆಯ ಪ್ಲಾಂಟಿಗೆ ಫೋನ್ ಮಾಡಿ ಹದಿಮೂರು ಎಂದು ಹೇಳಿದೆ. ಹದಿಮೂರಾದರೆ ಒಂದೇ ಟಿಪ್ಪರಿನಲ್ಲಿ ಬರುತ್ತದೆ, ಎರಡನೆಯ ಗಾಡಿ ಬೇಡ. ಹದಿನೇಳೂವರೆಯಲ್ಲಿ ಕಾಲುಭಾಗ ಬಿಟ್ಟರೆ ಹದಿಮೂರೇ ಅಲ್ಲವೆ? ಮುಕಾದಮರಿಗೆ ಹೇಳಲಿಲ್ಲ. ಕಡಿಮೆ ಬಿದ್ದರೆ ಮಾರನೆಯ ದಿನ ಮತ್ತೆ ತರಿಸಿದರಾಯಿತು ಎಂಬ ಧೈರ್ಯ ಬೇರೆ. ಪ್ಲಾಂಟು ಮಳೆಗಾಲಕ್ಕೆ ಬಾಗಿಲು ಹಾಕುತ್ತದೆ ಎಂಬುದು ಕೊಡ ಮಾರುವವನಿಗೆ ಏನು ಗೊತ್ತು?

ಡಾಂಬರು ಬಂದ ದಿನ ಬೆಳಿಗ್ಗೆ ಮುಂಡರಗಿ ಕಡೆ ಮೋಡ ಕಟ್ಟಿತ್ತು. ರೋಲರ್ ನಿಂತಿತ್ತು, ಎಂಟು ಜನ ಆಳುಗಳು ಸಲಿಕೆ ಹಿಡಿದು ಕಾಯುತ್ತಿದ್ದರು. ಖಡಿಯ ಮೇಲೆ ತೆಳು ಡಾಂಬರು ಸಿಂಪಡಿಸಿ ಮುಗಿದಿತ್ತು. ಟಿಪ್ಪರ್ ಹೊಗೆಯಾಡುತ್ತ ಒಳಗೆ ಬಂತು. ಮುಕಾದಮರು ಚಾಲಕನ ಕಿಟಕಿಯ ಹತ್ತಿರ ಹೋದರು.

"ಎರಡನೇ ಗಾಡಿ ಎಷ್ಟೊತ್ತಿಗೆ?"

"ಯಾವ ಎರಡನೇದು ಚಾಚಾ? ಹದಿಮೂರ ಟನ್ ಅಷ್ಟ ಹೇಳ್ಯಾರ. ಇದ ಕಡೀ ಗಾಡಿ. ಒಲಿ ಆರಿಸಿ ಬಂದೀವಿ. ಇನ್ನ ದೀಪಾವಳಿ ಆದ ಮ್ಯಾಲ."

ಮುಕಾದಮರು ನನ್ನ ಕಡೆ ತಿರುಗಿದರು. ಸಂತೆಯಲ್ಲಿ ಎಂಥೆಂಥವರ ಕಣ್ಣನ್ನು ಎದುರಿಸಿದವನು ನಾನು. ಆವತ್ತು ನೆಲ ನೋಡಿದೆ.

"ನಾನ ಹೇಳಿದ್ನಿರಿ," ಎಂದೆ.

ಕೆಲಸದ ಗುತ್ತಿಗೆ ಹಿಡಿದಿದ್ದವನು ನಡುವೆ ಬಾಯಿ ಹಾಕಿದ. "ಅದಕ್ಕೇನ್ ಚಾಚಾ, ಒಂದೂವರಿ ಇಂಚ ಹರವತೀವಿ. ಅಂಗಳಾನೂ ಬರತೈತಿ, ಬಾಯಿನೂ ಬರತೈತಿ. ಮ್ಯಾಲಿಂದ ನೋಡಿದವ್ರಿಗೆ ಏನ್ ತಿಳೀತೈತಿ?"

"ಹೌದ್ರಿ, ಹಂಗ ಮಾಡ್ರಿ," ಎಂದು ನಾನೂ ಜೀವ ಬಂದವನಂತೆ ಹೇಳಿದೆ.

"ನಿಮಗ ತಿಳಿಯೂದಿಲ್ಲ," ಎಂದರು ಮುಕಾದಮರು ಅವನಿಗೆ. "ಮಳಿಗೆ ತಿಳೀತೈತಿ." ಆಮೇಲೆ ನನ್ನ ಹತ್ತಿರ ಬಂದು, ಬೇರೆಯವರಿಗೆ ಕೇಳದಂತೆ ಮೆಲ್ಲಗೆ ಹೇಳಿದರು. "ಸಾವ್ಕಾರ್ರ, ನಾ ಹೇಳಿದ್ದು ರೇಟ್ ಅಲ್ಲರಿ, ಅಳತಿ. ರೇಟಿನಾಗ ನೀವು ಎಷ್ಟರ ಜಗ್ಗರಿ. ಅಳತಿ ಜಗ್ಗಿದ್ರ ಬರೂದಿಲ್ಲ."

ಬೈದದ್ದು ಅಷ್ಟೇ. ಅದು ಬೈಗುಳವೋ ಅಲ್ಲವೋ ನನಗೆ ಇನ್ನೂ ತಿಳಿದಿಲ್ಲ.

ಡಾಂಬರು ಆರುತ್ತಿತ್ತು. ಅವರು ಟಿಪ್ಪರಿನ ರಾಶಿ ನೋಡಿದರು, ದಾರಿ ನೋಡಿದರು. ನಾನು ಇಷ್ಟು ಹೊತ್ತೂ ದಾರಿಗೆ ಎಷ್ಟು ಡಾಂಬರು ಎಂದು ಲೆಕ್ಕ ಹಾಕಿದ್ದೆ. ಅವರು ಆ ಲೆಕ್ಕವನ್ನು ತಿರುವಿ ಹಾಕಿದರು: ಇಷ್ಟು ಡಾಂಬರಿಗೆ ಎಂಥ ದಾರಿ?

"ನಿಮ್ಮ ಮಗಳು ಕುಂಡ್ರೂ ಗಾಡಿ ಎಷ್ಟ ಅಗಲ ಐತಿ?"

"ಆರ ಫೂಟ ಇದ್ದೀತ್ರಿ."

"ಇದ್ದೀತು ಅಲ್ಲ. ಅಳೀರಿ."

ನಾನು ಓಡಿಹೋಗಿ ಟೇಪು ಹಿಡಿದೆ. ಕನ್ನಡಿಯಿಂದ ಕನ್ನಡಿಗೆ ಆರು ಫೂಟಿಗೆ ಎರಡಿಂಚು ಕಡಿಮೆ.

"ಆತು. ದಾರಿ ಎಂಟ ಫೂಟ. ಅಂಗಳ ಬಿಡ್ರಿ. ಬಾಯಿ ಪೂರಾ ಮಾಡೂಣು. ದಪ್ಪ ಎರಡ ಇಂಚಿಗೆ ಒಂದ ಕೂದಲೆಳಿ ಕಡಿಮಿ ಇಲ್ಲ."

"ಬೀಗರಿಗೆ ಹತ್ತ ಫೂಟ ಅಂತ ಹೇಳೀನ್ರಿ ನಾ."

"ಬೀಗತಿ ಟೇಪ ಹಿಡಕೊಂಡು ಬರತಾಳೇನ್ರಿ? ಅಗಲ ದೀಪಾವಳಿ ಆದ ಮ್ಯಾಲೂ ಮಾಡಸಾಕ ಬರತೈತಿ. ದಪ್ಪ ಆಮ್ಯಾಲ ಬರೂದಿಲ್ಲ."

ಅಂಗಳ ಬಿಟ್ಟರೆ ಗಾಡಿ ಎಲ್ಲಿ ಹೊರಳಬೇಕು ಎಂದೆ. ಹಿಮ್ಮುಖವಾಗಿ ಒಳಗೆ ತಂದು ನಿಲ್ಲಿಸಿ, ಮೂತಿ ಯಾವಾಗಲೂ ರಸ್ತೆಯ ಕಡೆ ಇರಲಿ, ಹೊರಡುವ ಹೊತ್ತಿಗೆ ಒಂದು ಕೆಲಸ ಕಡಿಮೆ ಎಂದರು. ಇಷ್ಟು ಹೇಳುತ್ತಲೇ ಸುಣ್ಣದ ಪುಡಿ ಹಿಡಿದು ದಾರಿಯ ಎರಡೂ ಬದಿ ಒಂದೊಂದು ಫೂಟು ಒಳಗೆ ಗೆರೆ ಎಳೆಯುತ್ತ ನಡೆದಿದ್ದರು. ದಾರ ಹಿಡಿಯಲಿಲ್ಲ. ಗೆರೆ ನೆಟ್ಟಗಿತ್ತು.

ಕೆಲಸ ಮನೆಯ ಕಡೆಯಿಂದ ಶುರುವಾಗಿ ರಸ್ತೆಯ ಕಡೆಗೆ ಹೋಗಬೇಕು, ಇಲ್ಲದಿದ್ದರೆ ಟಿಪ್ಪರ್ ಹಸಿ ಡಾಂಬರಿನ ಮೇಲೇ ಹಾದು ಹೊರಗೆ ಹೋಗಬೇಕಾಗುತ್ತದೆ. ಎಂದರೆ ಬಾಯಿ ಕೊನೆಗೆ. ಮಾಲು ಕಡಿಮೆ ಬಿದ್ದರೆ ಬಾಯಿಗೇ ಬೀಳುತ್ತದೆ. ರಸ್ತೆಗೆ ಹತ್ತುವ ಆ ಹನ್ನೆರಡು ಫೂಟು ರಾಡಿಯಾದರೆ ಒಳಗಿನ ನೂರೆಂಟು ಫೂಟು ಇದ್ದೂ ಇಲ್ಲದಂತೆ. ಮುಕಾದಮರು ಟಿಪ್ಪರಿನ ಏಣಿ ಹತ್ತಿ, ಕ್ಯಾಬಿನ್ನಿನ ಹಿಂದಿನ ರಾಶಿಯ ಮೇಲೆ ಸಲಿಕೆಯಿಂದ ಗೀಟು ಹಾಕಿ, ಅದರ ಮೇಲೆ ತಾಡಪತ್ರಿ ಮುಚ್ಚಿಸಿದರು.

"ಇಲ್ಲಿಂದ ಆಚೀಕ ಬಾಯಿಂದು. ನಾ ಹೇಳೂತನಕ ಯಾರೂ ಮುಟ್ಟಬ್ಯಾಡ್ರಿ."

ಮುಂದಿನ ಎರಡು ತಾಸು ನಾನು ಚಹಾ ಕೊಡುವುದನ್ನು ಬಿಟ್ಟು ಬೇರೇನೂ ಮಾಡಲಿಲ್ಲ. ಅವರು ಪ್ರತಿ ಹತ್ತು ಹೆಜ್ಜೆಗೆ ಕಡ್ಡಿಪೆಟ್ಟಿಗೆ ನಿಲ್ಲಿಸುವರು, ಮುಳುಗಿತೋ ಇಲ್ಲವೋ ನೋಡುವರು. ಒಬ್ಬ ಆಳು ಬುಟ್ಟಿಯಿಂದ ಗೆರೆಯಾಚೆ ಚೆಲ್ಲಿದಾಗ, "ಲೇ, ಅದು ಅವ್ರ ಮಗಳ ಪಾಲಿಂದು, ಒಳಗ ಹಾಕು," ಎಂದರು. ಉಳಿದವರು ನಕ್ಕರು. ನನಗೆ ನಗು ಬರಲಿಲ್ಲ. ಮೋಡ ಹತ್ತಿರವಾಗುತ್ತಿತ್ತು, ಟಿಪ್ಪರಿನ ರಾಶಿ ಇಳಿಯುತ್ತಿತ್ತು, ದಾರಿ ಇನ್ನೂ ಉದ್ದವಿತ್ತು. ಲಕ್ಷ್ಮೇಶ್ವರಕ್ಕೆ ಫೋನ್ ಮಾಡಿ ಮಗಳನ್ನು ಕಳಿಸಬೇಡಿ ಎಂದು ಹೇಗೆ ಹೇಳಲಿ ಎಂದು ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದೆ.

ಬಾಯಿಯ ಹತ್ತಿರ ಬಂದಾಗ ತಾಡಪತ್ರಿ ತೆಗೆಸಿದರು. ಬೆರಳಿನಿಂದ ನೀರು ಚಿಮುಕಿಸಿದರು, ಚುರ್ ಎಂದಿತು. ಇನ್ನೂ ಬಿಸಿ ಇದೆ. ಮುಖ್ಯ ರಸ್ತೆಯ ಹರಕು ಅಂಚನ್ನು ಉಳಿಯಿಂದ ನೆಟ್ಟಗೆ ಕಡಿಸಿ, ಅದಕ್ಕೆ ತೆಳು ಡಾಂಬರು ಸವರಿಸಿ, ಹೊಸದನ್ನು ಅದಕ್ಕೆ ತಾಗಿಸಿ ಹರವಿಸಿದರು. ರೋಲರ್ ಹೋದ ಮೇಲೆ ಆ ವಯಸ್ಸಿನ ಮನುಷ್ಯ ರಸ್ತೆಯ ಅಂಚಿಗೆ ಬೋರಲಾಗಿ ಮಲಗಿ, ಕೆನ್ನೆ ನೆಲಕ್ಕಿಟ್ಟು, ಒಂದೇ ಕಣ್ಣಿನಿಂದ ಮಟ್ಟ ನೋಡಿದರು. ಎದ್ದರು. ಒಂದು ಕಡೆ ಅರ್ಧ ಸಲಿಕೆ ಹಾಕಿಸಿದರು. ಮತ್ತೆ ಮಲಗಿ ನೋಡಿದರು. ಹಾದು ಹೋಗುವ ಬಸ್ಸಿನವರು ಏನಾಯಿತೋ ಎಂದು ಇಣುಕಿದರು.

ಟಿಪ್ಪರಿನಲ್ಲಿ ಉಳಿದದ್ದು ಮೂರು ಬುಟ್ಟಿ. ಅದನ್ನು ಮುಖ್ಯ ರಸ್ತೆಯ ಗುಂಡಿಯೊಂದಕ್ಕೆ ಹಾಕಿಸಿ, ಕೈ ಝಾಡಿಸಿಕೊಂಡು, "ಚಾ ಐತೇನ್ರಿ ಇನ್ನ?" ಎಂದು ಕೇಳಿದರು. ನಾನು ಓಡಿಹೋಗಿ ತಂದುಕೊಟ್ಟೆ. ಅವರು ಬಸಿಗೆ ಸುರಿದು, ಊದಿ ಕುಡಿದರು.

ಮಳೆ ಮೂರನೆಯ ದಿನ ಬಂತು. ನೀರು ದಾರಿಯ ಮೇಲೆ ನಿಲ್ಲದೆ ಎರಡೂ ಬದಿಗೆ ಇಳಿದುಹೋಯಿತು. ನಾನು ವರಾಂಡದಲ್ಲಿ ಕುರ್ಚಿ ಹಾಕಿಕೊಂಡು ಅದನ್ನೇ ನೋಡುತ್ತ ಕೂತಿದ್ದೆ. ವಾರದ ಮೇಲೆ ಮಗಳು ಬಂದಳು. ಬೀಗತಿಯೂ ಬಂದರು. ಚಪ್ಪಲಿ ಮೆಟ್ಟಿಕೊಂಡೇ ಬಾಗಿಲ ತನಕ ನಡೆದು, ಹಿಂದಿರುಗಿ ನೋಡಿ, "ಸಣ್ಣದಾತ್ರಿ ಬೀಗರ," ಎಂದರು. ಆಮೇಲೆ ಚಪ್ಪಲಿಯ ಹಿಮ್ಮಡಿಯಿಂದ ಡಾಂಬರು ತಟ್ಟಿ, "ಇರಲಿ ತಗೋರಿ, ಗಟ್ಟಿ ಐತಿ," ಎಂದರು. ಅವರ ಬಾಯಿಂದ ಇಷ್ಟು ಬಂದರೆ ಸನ್ಮಾನವೇ.

ಆರಿದ್ರಿ ಮಳೆ ಹಿಡಿದು ಮೂರು ದಿನವಾಗಿತ್ತು. ಬೆಳಿಗ್ಗೆ ನನ್ನ ಹೆಂಡತಿ ಮೊದಲ ರೊಟ್ಟಿ ಹಂಚಿಗೆ ಹಾಕುವಾಗ ಮಗಳು ಒಳಗಿನಿಂದ ಕೂಗಿದಳು. ನೀರು ಒಡೆದಿತ್ತು. ಕಾರಿನ ಮೂತಿ ರಸ್ತೆಯ ಕಡೆಗೇ ಇತ್ತು. ಹಿಂದಿನ ಸೀಟಿನಲ್ಲಿ ಮಗಳನ್ನು ಮಲಗಿಸಿ, ತಲೆಯನ್ನು ತಾಯಿಯ ತೊಡೆಯ ಮೇಲಿಟ್ಟು ಹೊರಟೆವು. ಪಕ್ಕದ ಹೊಲದಲ್ಲಿ ಯಾರದೋ ಟ್ರ್ಯಾಕ್ಟರು ಅಚ್ಚಿನವರೆಗೆ ಹೂತು ನಿಂತಿತ್ತು. ಸುತ್ತ ಎಲ್ಲ ಕಪ್ಪು ರಾಡಿ. ಎಂಟು ಫೂಟಿನ ದಾರಿಯ ಮೇಲೆ ಎರಡೂ ಬದಿ ಕಣ್ಣಿಟ್ಟು ನಾನು ನಿಧಾನ ಹೋಗುತ್ತಿದ್ದೆ. ಹಿಂದಿನಿಂದ ಮಗಳು ಹಲ್ಲು ಕಚ್ಚಿ ಕೇಳಿದಳು.

"ಅಪ್ಪಾ, ರಸ್ತಾಕ್ಕ ಇನ್ನ ಎಷ್ಟೈತಿ?"

ನಾವು ಆಗಲೇ ಮುಖ್ಯ ರಸ್ತೆಯ ಮೇಲಿದ್ದೆವು. ಗಾಡಿ ನಮ್ಮ ದಾರಿ ಬಿಟ್ಟು ಸರಕಾರದ ರಸ್ತೆಗೆ ಬಂದದ್ದು ಅವಳಿಗೆ ತಿಳಿದೇ ಇರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಹೆಣ್ಣು ಮಗು. ಹೊಕ್ಕುಳ ಬಳ್ಳಿ ಕೊರಳಿಗೆ ಸುತ್ತಿತ್ತಂತೆ, ಸಮಯಕ್ಕೆ ತಂದಿರಿ ಎಂದರು ಡಾಕ್ಟರಮ್ಮ. ತಾಯಿ, ಕೂಸು ಇಬ್ಬರೂ ಸುಖ. ಆಮೇಲೆ ಪೇಢೆಯ ಪೊಟ್ಟಣ ಹಿಡಿದು ನೇರ ಬೆಟಗೇರಿಗೆ ಹೋದೆ. ದಾರಿಯುದ್ದಕ್ಕೂ ಏನೇನೋ ಹೇಳಬೇಕೆಂದು ಕಟ್ಟಿಕೊಂಡಿದ್ದೆ: ನಿಮ್ಮ ಋಣ, ನನ್ನ ತಪ್ಪು, ಹೀಗೆ.

ಮುಕಾದಮರು ತಮ್ಮ ಮನೆಯ ಕಟ್ಟೆಯ ಮೇಲೆ ಕೂತಿದ್ದರು. ಪೊಟ್ಟಣ ನೋಡಿ ಅವರಿಗೆ ಎಲ್ಲ ತಿಳಿಯಿತು. ಗಂಡೋ ಹೆಣ್ಣೋ ಎಂದು ಕೇಳಲಿಲ್ಲ.

"ಬಾಯಿ ದಾಟೂ ಮುಂದ ಗಾಡಿ ಜಿಗೀತೇನ್ರಿ?"

"ಇಲ್ರಿ. ನನ್ನ ಮಗಳಿಗೆ ದಾಟಿದ್ದ ತಿಳೀಲಿಲ್ಲ."

"ಹಂಗಾರ ಆತು," ಎಂದರು. ಪಕ್ಕಕ್ಕೆ ಸರಿದು, ನನಗೆ ಕೂಡಲು ಜಾಗ ಮಾಡಿಕೊಟ್ಟರು.